ಹೊಂಗೆಯ ತೊಗಟೆ ಮೇಲಿನ ಬಿಳುಪು

ಜಗಳೂರು
18 ಜುಲೈ 2024

ಪ್ರೀತಿಯ ಅಬ್ಬಾ, ನಿಮಗೆ ಸಲಾಂ.

ನಿನ್ನೆ ಫೋನಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತೇ ಹೊರತು ನಿಮಗೆ ಒಂದು ಮಾತೂ ಕೇಳಿಸಲಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ನಮ್ಮ ಸಂಸಾರವೆಲ್ಲ ತಿಳಿಯಿತು. ಜೀವಮಾನವೆಲ್ಲ ಹಿತ್ತಾಳೆ ಕೊಡಗಳ ತಗ್ಗು ಬಡಿದು ಕಿವಿ ಕಳೆದುಕೊಂಡವರಿಗೆ ಕಾಗದವೇ ಸರಿ. ಖಲೀಲನ ಮೊಬೈಲಿಗೆ ಮೆಸೇಜು ಕಳಿಸಿದರೆ ಅವನು ಅರ್ಧ ಹೇಳುತ್ತಾನೆ, ಅರ್ಧ ನುಂಗುತ್ತಾನೆ. ತಮ್ಮನ ಬುದ್ಧಿ ನನಗೆ ಗೊತ್ತಿಲ್ಲವೇ.

ಅಮ್ಮಿಯನ್ನು ಮಣ್ಣು ಮಾಡಿದ ದಿನ ನೆನಪಿದೆಯಾ? ಹೆಂಗಸರು ಖಬರಸ್ತಾನದೊಳಗೆ ಬರುವ ರೂಢಿ ನಮ್ಮೂರಲ್ಲಿ ಇಲ್ಲವೆಂದು ನಾನು ಗೇಟಿನ ಹೊರಗೇ ನಿಂತಿದ್ದೆ. ಒಳಗಿನಿಂದ ಏನಾದರೂ ತಂದುಕೊಡಿ ಎಂದು ಅತ್ತೆ. ನೀವು ಗಾಬರಿಯಾಗಿ, ಅವಳ ತಲೆಯ ಕಡೆ ಇರುವ ಹೊಂಗೆಮರದಿಂದ ಮುರಿದು ಬಿದ್ದಿದ್ದ ಟೊಂಗೆಯ ತುಂಡು ತಂದು ಕೈಯಲ್ಲಿಟ್ಟಿರಿ. ಒಂದು ವರ್ಷದಿಂದ ಅದು ನನ್ನ ಬೀರುವಿನಲ್ಲಿ, ಅಮ್ಮಿಯ ದುಪಟ್ಟಾದ ಮಡಿಕೆಯಲ್ಲಿದೆ.

ಮೊನ್ನೆ ಕಾಲೇಜಿನಲ್ಲಿ ಮಕ್ಕಳಿಗೆ ತೋರಿಸಲು ಬೇರೇನೂ ಸಿಗದೆ ಆ ತುಂಡನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ತೊಗಟೆಯ ಮೇಲೆ ಸುಣ್ಣದ ಕಲೆಯಂಥ ತೆಳು ಪದರ, ಅದರ ಮೇಲೆ ಕಪ್ಪು ಗೀಟುಗಳು. ಅದು ಕಲೆಯಲ್ಲ ಅಬ್ಬಾ, ಜೀವ. ನಿಮ್ಮ ಬಿರಿಯಾನಿ ಮಸಾಲೆಯ ಕಲ್ಲುಹೂವಿನ ದೂರದ ನೆಂಟ. ಕಲ್ಲುಹೂವು ಎಲೆಯ ಹಾಗೆ ಎದ್ದಿರುತ್ತದೆ, ಇದು ಮರದ ಚರ್ಮಕ್ಕೇ ಅಂಟಿಕೊಂಡಿರುತ್ತದೆ, ತೊಗಟೆ ಬಿಟ್ಟು ಬಿಡಿಸಲು ಬರುವುದಿಲ್ಲ. ಅಣಬೆ ಮತ್ತು ಪಾಚಿ ಕೂಡಿ ಹೂಡಿದ ಸಂಸಾರ ಅದು. ನಮ್ಮ ವಿಭಾಗದ ದುರ್ಗಾಂಬಿಕಾ ಮೇಡಂ ನೋಡಿ, “ಇಂಥದ್ದು ನಾ ನೋಡೇ ಇಲ್ಲ ರುಹೀನಾ, ಎಲ್ಲಿ ಸಿಕ್ತು?” ಎಂದರು. ಅಮ್ಮಿಯ ಹತ್ತಿರ ಎಂದೆ.

ಮರವನ್ನು ಕೆರೆಯಬೇಡಿ. ಒಣಗಿ ಉದುರಿದ ಟೊಂಗೆ ಸಿಕ್ಕರೆ ಕಳಿಸಿ, ಸಾಕು.

ನಿಮ್ಮ ರುಹೀನಾ


ತ್ಯಾವಣಿಗೆ
2 ಆಗಸ್ಟ್ 2024

ನನ್ನ ರುಹೀನಾಗೆ ಅಬ್ಬಾನ ಸಲಾಂ ಮತ್ತು ದುವಾ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ಮಗಳಿಗೆ ಬೂಸ್ಟು ಮುದ್ದು. ಇಷ್ಟು ಓದಿಸಿದ್ದು ಇದಕ್ಕೇನಾ ಎಂದು ನಿನ್ನ ಅಮ್ಮಿ ಇದ್ದಿದ್ದರೆ ನನ್ನನ್ನೇ ಕೇಳುತ್ತಿದ್ದಳು.

ಶುಕ್ರವಾರ ಖಬರಸ್ತಾನಕ್ಕೆ ಹೋದಾಗ ನೋಡಿದೆ. ನೀನು ಬರೆದ ಮೇಲೆಯೇ ಅದು ನನ್ನ ಕಣ್ಣಿಗೆ ಬಿದ್ದದ್ದು. ಇಷ್ಟು ದಿನ ನಿನ್ನ ಅಮ್ಮಿ ರಹಮತ್‌ಬೀಯ ಕಡೆ ನೋಡುತ್ತಿದ್ದೆನೇ ಹೊರತು ಮರದ ಕಡೆ ನೋಡಿರಲಿಲ್ಲ. ಬುಡದಿಂದ ನನ್ನ ತಲೆಯೆತ್ತರದವರೆಗೂ ಇದೆ, ಮೇಲೆ ಕವಲಿನಲ್ಲೂ ಒಂದು ಚೂರಿದೆ. ಒಂದೊಂದು ಗೀಟು ಥೇಟ್ ಅರಬ್ಬಿಯ ಅಲಿಫ್ ಅಕ್ಷರದ ಹಾಗಿದೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ನಾಳೆಯೇ ಅಗರಬತ್ತಿ ಹಚ್ಚಲು ಶುರು ಮಾಡುತ್ತಾರೆ.

ಎರಡು ಒಣ ತುಂಡು ಆಯ್ದು, ಪೇಪರಿನಲ್ಲಿ ಸುತ್ತಿ ಕಳಿಸಿದ್ದೇನೆ. ಪೋಸ್ಟ್ ಆಫೀಸಿನ ಹುಡುಗಿ ಒಳಗೇನಿದೆ ಎಂದಳು. “ನನ್ನ ಮಗಳಿಗೆ ತವರಿನ ಬುತ್ತಿ ಕಣವ್ವ” ಎಂದೆ. ಮೂಸಿ ನೋಡಿ ಸೀಲು ಹೊಡೆದಳು.

ಬೇಗ ಬರೆ. ಕಾಗದದಲ್ಲಿ ನಿನ್ನ ಮಾತು ಚೆನ್ನಾಗಿ ಕೇಳಿಸುತ್ತದೆ.

ಅಬ್ಬಾ


ಜಗಳೂರು
8 ಸೆಪ್ಟೆಂಬರ್ 2024

ಪ್ರೀತಿಯ ಅಬ್ಬಾ,

ಬುತ್ತಿ ತಲುಪಿತು. ಅದರಲ್ಲಿ ಸ್ವಲ್ಪ ಮಣ್ಣೂ ಇತ್ತು. ಅದನ್ನು ಪ್ರಯೋಗಾಲಯಕ್ಕೆ ಒಯ್ಯಲಿಲ್ಲ, ಮನೆಯಲ್ಲೇ ಇಟ್ಟುಕೊಂಡಿದ್ದೇನೆ.

ಇದರ ಗುರುತು ಹಿಡಿಯಲು ಒಂದು ಉಪಾಯವಿದೆ. ಒಂದು ಚೂರಿನ ಮೇಲೆ ಕ್ಷಾರದ ಹನಿ ಬಿಟ್ಟು ಬಣ್ಣ ನೋಡಬೇಕು. ನೀವು ಕಲಾಯಿ ಹಾಕುವಾಗ ನವಸಾಗರ ಉದುರಿಸಿದೊಡನೆ ಪಾತ್ರೆಯ ಬಣ್ಣ ತಿರುಗುತ್ತಿತ್ತಲ್ಲ, ಹಾಗೆಯೇ ಎಂದುಕೊಳ್ಳಿ. ಹನಿ ಬಿದ್ದೊಡನೆ ಹಳದಿಯಾಯಿತು. ನೋಡನೋಡುತ್ತಿದ್ದಂತೆ ಹಳದಿ ಕೆಂಪಾಯಿತು. ಮೇಡಂ ನನ್ನ ಬೆನ್ನಿಗೆ ಗುದ್ದಿದರು, ಅಷ್ಟು ಖುಷಿ ಅವರಿಗೆ. ಆ ಚೂರು ಮಾತ್ರ ಅಲ್ಲಿಗೆ ಸತ್ತಂತೆಯೇ. ಉಳಿದದ್ದನ್ನು ಪುಣೆಯ ಹಿರಿಯ ತಜ್ಞರೊಬ್ಬರಿಗೆ ಕಳಿಸಿದ್ದೇವೆ.

ಬೇರೆಲ್ಲಾದರೂ ಇದೆಯೇ ಎಂದು ಭಾನುವಾರಗಳೆಲ್ಲ ಅಲೆದೆ. ಇಲ್ಲಿ ಬಿಳಿಚೋಡಿನ ಕಡೆಯ ಬೇವು, ಜಾಲಿಗಳಲ್ಲಿ ಇಲ್ಲ, ಈ ಒಣಗಾಳಿಗೆ ಅದು ಬದುಕುವುದೂ ಇಲ್ಲ. ಹೊನ್ನಾಳಿಯಲ್ಲಿ ಹೊಳೆದಂಡೆಯ ಮರಗಳನ್ನೆಲ್ಲ ತಡವಿದೆ. ಅಲ್ಲಿ ಒಬ್ಬ ಮುದುಕರು, “ಮರದಾಗೆ ಏನ್ ಕಳಕೊಂಡೀರಿ ಮೇಡಂ, ನಾನೂ ಹುಡುಕ್ಲಾ?” ಎಂದು ಕೇಳಿದರು. ನಗು ಬಂತು, ಆಮೇಲೆ ಬಸ್ಸಿನಲ್ಲಿ ಅಳು ಬಂತು. ನ್ಯಾಮತಿಯಲ್ಲೂ ಇಲ್ಲ. ಹಳೆಯ ಮರ ಬೇಕು, ಯಾರೂ ಕಡಿಯದ, ಹೊಗೆ ತಾಗದ ಮರ. ಪಕ್ಕದಲ್ಲಿ ನೀರಿನ ತಂಪಿರಬೇಕು. ಖಬರಸ್ತಾನದ ಹಸಿರು ಮುರಿಯಬಾರದೆಂಬ ನಮ್ಮವರ ನಂಬಿಕೆ, ಹಿಂದೆಯೇ ಹರಿಯುವ ಭದ್ರಾ ನಾಲೆ, ಎರಡೂ ಸೇರಿ ಅದನ್ನು ಉಳಿಸಿವೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಇದು ಅಪರೂಪದ್ದೆಂದು ಖಾತ್ರಿಯಾದರೆ, ಅದನ್ನು ನಿಂತ ಮರದ ಮೇಲೇ ನೋಡಿ ಬರೆಯಬೇಕಾಗುತ್ತದೆ. ಆಗಲಾದರೂ ಖಬರಸ್ತಾನದ ಕಮಿಟಿಯವರು ನನ್ನನ್ನು ಒಳಗೆ ಬಿಟ್ಟಾರೆಯೇ? ಈ ನೆಪದಲ್ಲಾದರೂ ಒಂದು ಸಲ ಅಮ್ಮಿಯ ಹತ್ತಿರ ನಿಲ್ಲಬೇಕು ಅಬ್ಬಾ. ನನಗೆ ಬೇಕಾಗಿರುವುದು ಅದೇ.

ರುಹೀನಾ


ತ್ಯಾವಣಿಗೆ
14 ಅಕ್ಟೋಬರ್ 2024

ರುಹೀನಾ ಬೇಟಿ,

ಕಮಿಟಿಯ ಅಧ್ಯಕ್ಷ ಜಾವೀದ್ ಸಾಹೇಬರನ್ನು ಕೇಳಿದೆ. ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. “ದೊಡ್ಡೋರ ಕಡೆಯಿಂದ ಒಂದು ಕಾಗದ ಬರ್ಲಿ, ನೋಡಾನ” ಎಂದಿದ್ದಾರೆ. ಒಳ್ಳೆಯ ಮನುಷ್ಯರು. ಉಳಿದವರ ಮಾತು ಬಿಡು.

ಹೋದ ವಾರ ಗಾಳಿಮಳೆಗೆ ಹೊಂಗೆಯ ಪಕ್ಕದ ಬೇವು ಅರ್ಧಕ್ಕೆ ಸೀಳಿ ಬಿತ್ತು. ನಿನ್ನ ಅಮ್ಮಿಗೆ ಏನೂ ಆಗಿಲ್ಲ. ಆದರೆ ಈಗ ಮಧ್ಯಾಹ್ನದ ಬಿಸಿಲು ನೇರ ಹೊಂಗೆಯ ಮೈಮೇಲೆ ಬೀಳುತ್ತದೆ. ಸುಮ್ಮನೆ ತಿಳಿಸಿದೆ.

ಅಬ್ಬಾ


ಜಗಳೂರು
22 ಡಿಸೆಂಬರ್ 2024

ಅಬ್ಬಾ, ಅಬ್ಬಾ, ಅಬ್ಬಾ!

ಪುಣೆಯವರ ಉತ್ತರ ಬಂತು. ಘಟ್ಟದ ಕಾಡಿನಲ್ಲಿ ಒಂದೆರಡು ಕಡೆ ಬಿಟ್ಟರೆ ಇದನ್ನು ಯಾರೂ ಕಂಡಿಲ್ಲವಂತೆ. ಬಯಲಿನಲ್ಲಿ ಸಿಕ್ಕಿದ್ದನ್ನು ಅವರು ಮೊದಲು ನಂಬಲೇ ಇಲ್ಲವಂತೆ. ಮರ ನಿಂತ ಜಾಗವನ್ನು ನಾನೇ ಕಣ್ಣಾರೆ ನೋಡಿ, ಯಾವ ದಿಕ್ಕು, ಎಷ್ಟು ನೆರಳು, ಎಷ್ಟು ಹರಡಿದೆ ಎಂದು ಬರೆದು ಚಿತ್ರ ಕಳಿಸಿದರೆ ಮಾತ್ರ ಪ್ರಕಟಣೆಗೆ ಒಪ್ಪುತ್ತಾರಂತೆ. ಅವರ ಕಾಗದವನ್ನೂ ದುರ್ಗಾಂಬಿಕಾ ಮೇಡಂ ಮಾಡಿಕೊಟ್ಟ ಕನ್ನಡದ ಸಾರಾಂಶವನ್ನೂ ಇಟ್ಟಿದ್ದೇನೆ. ಜಾವೀದ್ ಸಾಹೇಬರಿಗೆ ಕೊಡಿ.

ಬೇವು ಬಿದ್ದದ್ದನ್ನು ನೀವು ಸುಮ್ಮನೆ ತಿಳಿಸಿದಿರಿ, ನನಗೆ ಮಾತ್ರ ಅದೇ ಚಿಂತೆಯಾಗಿದೆ. ಈ ಜೀವಕ್ಕೆ ನೇರ ಬಿಸಿಲು ಆಗುವುದಿಲ್ಲ. ಒಂದು ಬೇಸಿಗೆ ಪೂರ್ತಿ ಬಿಸಿಲಿಗೆ ಸಿಕ್ಕರೆ ಸುಟ್ಟುಹೋಗುತ್ತದೆ. ನಾನು ಬರುವವರೆಗೆ ಹೇಗಾದರೂ ಅದನ್ನು ಬಿಸಿಲಿನಿಂದ ಕಾಪಾಡಿ ಅಬ್ಬಾ. ನಿಮ್ಮ ಮೇಲೆ ಬಿಟ್ಟಿದ್ದೇನೆ.

ರುಹೀನಾ


ತ್ಯಾವಣಿಗೆ
27 ಜನವರಿ 2025

ರುಹೀನಾ ಬೇಟಿಗೆ,

ಒಪ್ಪಿದರು! ಜುಮ್ಮಾ ನಮಾಜಾದ ಮೇಲೆ ಕಮಿಟಿಯವರೆಲ್ಲ ಕೂತು ನೀನು ಕಳಿಸಿದ ಪುಣೆಯ ಕಾಗದ ಓದಿಸಿದರು. ಒಬ್ಬಿಬ್ಬರು ಗೊಣಗಿದರು. ಜಾವೀದ್ ಸಾಹೇಬರು ಕೊನೆಗೆ, “ನಮ್ಮೂರ ಮಣ್ಣಿನಾಗೆ ಇಂಥದ್ದೊಂದು ಐತೆ ಅಂದ್ರೆ ನಮಗೂ ಹೆಸರು. ಓದಿದ ಹೆಣ್ಣುಮಗಳು, ಬಂದು ನೋಡ್ಲಿ. ಆದ್ರೆ ಖಬರ್ ನೋಡಾಕೆ ಅಂತ ಅಲ್ಲ ಖಾಜಾಸಾಬ್, ಮರ ನೋಡಾಕೆ” ಎಂದರು. ಆಗಲಿ ಎಂದೆ. ಮರ ನೋಡುವವಳ ಕಣ್ಣು ಎಲ್ಲಿ ಹೋಗುತ್ತದೆ ಎಂದು ಯಾರು ಕಾಯುತ್ತಾರೆ.

ಫೆಬ್ರವರಿ ಒಂಬತ್ತು, ಭಾನುವಾರ ಬಾ. ಶಬೆಬರಾತಿಗೆ ಇನ್ನೂ ನಾಲ್ಕು ದಿನ ಇರುತ್ತದೆ, ಅಷ್ಟರೊಳಗೆ ಖಬರುಗಳನ್ನೆಲ್ಲ ಶುಚಿ ಮಾಡಿ ಮುಗಿಸಿರುತ್ತೇವೆ. ಬಿಸಿಲಿನ ಚಿಂತೆ ಬಿಡು. ನೀನು ನನ್ನ ಮೇಲೆ ಬಿಟ್ಟಿದ್ದೀಯಲ್ಲ, ಅದಕ್ಕೆ ತಕ್ಕ ಏರ್ಪಾಡು ಮಾಡಿದ್ದೇನೆ. ಏನೆಂದು ಈಗ ಹೇಳುವುದಿಲ್ಲ, ಬಂದು ನೋಡು.

ನಿನ್ನೆ ಹೋಗಿ ಅವಳಿಗೂ ಹೇಳಿ ಬಂದೆ, ಮಗಳು ಬರುತ್ತಾಳೆ ಎಂದು.

ಅಬ್ಬಾ


ಜಗಳೂರು
13 ಫೆಬ್ರವರಿ 2025

ಪ್ರೀತಿಯ ಅಬ್ಬಾ,

ಸುಖವಾಗಿ ತಲುಪಿದೆ. ತಲುಪಿ ಮೂರು ದಿನವಾಯಿತು, ಬರೆಯಲು ತಡವಾಯಿತು.

ಅಮ್ಮಿಯ ಹತ್ತಿರ ನಿಂತೆ. ನೀವು ಮುಖ ತಿರುಗಿಸಿ ಬೇಕೆಂದೇ ಆಚೆ ಹೋದಿರಿ, ನಾನು ಕೂತು ಮಣ್ಣು ಮುಟ್ಟಿದೆ. ಅದನ್ನು ಸಾಯುವವರೆಗೂ ಮರೆಯುವುದಿಲ್ಲ.

ಮರಕ್ಕೆ ನೀವೇ ಕೈಯಾರೆ ಬಳಿದ ಸುಣ್ಣವನ್ನೂ ನೋಡಿದೆ. ಎಷ್ಟು ಕಷ್ಟಪಟ್ಟಿದ್ದೀರಿ. ಬಿಳಿಯ ನಡುವೆ ಅಲ್ಲಲ್ಲಿ ಎದ್ದಿದ್ದ ಕೆಂಪು ತೋರಿಸಿ, “ನೋಡು ಬೇಟಿ, ಹೂ ಬಿಟ್ಟೈತೆ!” ಎಂದಿರಿ. ಹೌದು ಅಬ್ಬಾ, ಚೆನ್ನಾಗಿದೆ ಎಂದೆ. ಚಿತ್ರ ಯಾಕೆ ತೆಗೆಯಲಿಲ್ಲ ಎಂದು ಖಲೀಲ್ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ ಎಂದೆ.

ಮೈಯಲ್ಲಿ ಸ್ವಲ್ಪ ಹುಷಾರಿಲ್ಲ, ಆಮೇಲೆ ಬರೆಯುತ್ತೇನೆ.

ರುಹೀನಾ


ತ್ಯಾವಣಿಗೆ
4 ಮಾರ್ಚ್ 2025

ರುಹೀನಾ ಬೇಟಿ, ರಂಜಾನ್ ಮುಬಾರಕ್.

ಹುಷಾರಾದೆಯಾ? ಬಸ್ಸಿನ ಧೂಳಿಗೆ ಹಾಗಾಗಿರಬೇಕು, ಶುಂಠಿ ಕಷಾಯ ಕುಡಿ.

ನೀನು ಬಂದು ಹೋದ ಮೇಲೆ ಊರಿನಲ್ಲಿ ನನ್ನ ಗತ್ತೇ ಬೇರೆ. ಸುಣ್ಣದ ಐಡಿಯಾ ಯಾರದ್ದು ಎಂದು ಎಲ್ಲರೂ ಕೇಳುತ್ತಾರೆ. ಇದರಲ್ಲೇನಿದೆ ಹೇಳು. ಬಿಸಿಲಿಗೆ ಮರ ಸೀಳಬಾರದೆಂದು ಇಲ್ಲಿ ಅಡಿಕೆ ತೋಟದವರೆಲ್ಲ ಬಿಸಿಲು ಬೀಳುವ ಬದಿಗೆ ಸುಣ್ಣ ಬಳಿಯುತ್ತಾರೆ. ಅಷ್ಟು ಎಳೆಯ ಅಡಿಕೆಯನ್ನೇ ಕಾಯುವ ಸುಣ್ಣ ನಿನ್ನ ಬಿಳುಪನ್ನು ಕಾಯದೇ ಇರುತ್ತದೆಯೇ? ಮಳೆ ಬಂದಾಗ ಸುಣ್ಣ ತಾನೇ ತೊಳೆದುಹೋಗುತ್ತದೆ, ಒಳಗಿನದು ತಣ್ಣಗಿರುತ್ತದೆ. ಖಬರಿಗೆ ಬಳಿಯಲು ತಂದ ಸುಣ್ಣದಲ್ಲೇ ತಿಳಿಯಾಗಿ ಕಲಸಿ, ಒಂದು ಗೀಟೂ ಬಿಡದೆ ಮೆಲ್ಲಗೆ ಹಚ್ಚಿದ್ದೆ. ಅದು ಹೂ ಬಿಟ್ಟಿದ್ದು ನೋಡಿ ನನಗೆ ಕಣ್ಣೀರೇ ಬಂದಿತ್ತು.

ಜಾವೀದ್ ಸಾಹೇಬರೂ ಬಂದು ನೋಡಿದರು. ವರ್ಷಕ್ಕೊಂದು ಸಲ ನೀನು ಬಂದು ನೋಡಿ ಹೋಗಬೇಕಾಗುತ್ತದೆ ಎಂದು ನಾನೇ ಹೇಳಿದೆ. “ಬರ್ಲಿ ಬಿಡ್ರಿ” ಎಂದುಬಿಟ್ಟರು! ಇನ್ನೇನು ಬೇಕು.

ಅವತ್ತು ನೀನು ಕತ್ತೆತ್ತಿ ಮೇಲೆ ಕವಲಿನ ಕಡೆ ಬಹಳ ಹೊತ್ತು ನೋಡುತ್ತಿದ್ದೆ. ನನ್ನ ಕೈ ನಿಲುಕದೆ ಅಲ್ಲಿ ಬಿಟ್ಟಿದ್ದೆ. ನಿನ್ನ ಚಿಂತೆ ನನಗೆ ಅರ್ಥವಾಯಿತು. ಈದ್ ಕಳೆಯಲಿ, ಏಣಿ ತಂದು ಅದನ್ನೂ ಮುಗಿಸುತ್ತೇನೆ.

ಅಬ್ಬಾ


ಜಗಳೂರು
17 ಮಾರ್ಚ್ 2025

ಅಬ್ಬಾ,

ಇದನ್ನು ಬರೆದು ಹರಿದು, ಮತ್ತೆ ಬರೆಯುತ್ತಿದ್ದೇನೆ. ಖಲೀಲನಿಗೆ ಫೋನು ಮಾಡಿ ಹೇಳಿಸಬಹುದಿತ್ತು. ಈ ಮಾತು ಇನ್ನೊಬ್ಬರ ಬಾಯಿಂದ ನಿಮಗೆ ಬರುವುದು ನನಗೆ ಬೇಡ. ಈದ್ ಕಳೆದ ಮೇಲೆ ಎಂದು ಬರೆದಿದ್ದೀರಿ, ಅಷ್ಟರಲ್ಲಿ ಇದು ತಲುಪುತ್ತದೆ.

ಮೇಲಿನದಕ್ಕೆ ಸುಣ್ಣ ಬಳಿಯಬೇಡಿ.

ಆ ಕೆಂಪು ಹೂವಲ್ಲ ಅಬ್ಬಾ. ಕ್ಷಾರದ ಹನಿ ಬಿಟ್ಟರೆ ಅದು ಹಳದಿಯಾಗಿ ಕೆಂಪಾಗುತ್ತದೆ ಎಂದು ಬರೆದಿದ್ದೆನಲ್ಲ. ಸುಣ್ಣವೂ ಕ್ಷಾರವೇ. ನಾನು ಒಂದು ಚೂರಿಗೆ ಬಿಟ್ಟದ್ದನ್ನು ನೀವು ಇಡೀ ಮರಕ್ಕೆ ಬಳಿದಿರಿ. ಅದು ನಾವು ಅಂದುಕೊಂಡದ್ದೇ ಎಂದು ಆ ಕೆಂಪಿನಿಂದ ಖಾತ್ರಿಯಾಯಿತು. ಖಾತ್ರಿಯಾಗುತ್ತಲೇ ಅದು ಸತ್ತಿತು. ಸುಣ್ಣದಡಿ ಈಗ ಏನೂ ಉಳಿದಿಲ್ಲ. ಹೊರಡುವ ಮೊದಲು ಉಗುರಿನಿಂದ ಒಂದು ಕಡೆ ಮೆಲ್ಲಗೆ ಎಬ್ಬಿಸಿ ನೋಡಿದೆ, ಹಿಟ್ಟಾಗಿ ಉದುರಿತು.

ಅವತ್ತೇ ಹೇಳಬೇಕಿತ್ತು. ನಿಮ್ಮ ಮುಖ ನೋಡಿದೆ, ಬಾಯಿ ಬರಲಿಲ್ಲ. ಅಮ್ಮಿ ಹೋದ ಮೇಲೆ ನೀವು ಹಾಗೆ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಬಿಸಿಲು ಆಗುವುದಿಲ್ಲ ಎಂದು ಬರೆದವಳು ನಾನೇ. ನೀವು ಮಾಡಿದ್ದು ನಾನು ಹೇಳಿದ್ದನ್ನೇ.

ಆದರೆ ಎಲ್ಲ ಹೋಗಿಲ್ಲ. ಮೇಲೆ, ಎರಡು ಕವಲು ಒಡೆಯುವ ಕಡೆ, ಅಂಗೈಯಗಲ ಹಾಗೇ ಇದೆ. ನಾನು ಕತ್ತೆತ್ತಿ ನೋಡುತ್ತಿದ್ದದ್ದು ಅದನ್ನೇ. ಅದೊಂದು ಉಳಿದರೆ ಸಾಕು, ಎಷ್ಟೋ ವರ್ಷಕ್ಕೆ ಮತ್ತೆ ಕೆಳಗೆ ಇಳಿದು ಬಂದೀತು. ನಾನೂ ಬರುತ್ತಿರಬಹುದು. ಅದಕ್ಕೆ ಒಂದು ಗೋಣಿತಾಟು ಅಡ್ಡ ಕಟ್ಟಿ ನೆರಳು ಮಾಡಿ, ಅಷ್ಟು ಸಾಕು.

ಬೇಜಾರು ಮಾಡಿಕೊಳ್ಳಬೇಡಿ. ರೋಜಾದಲ್ಲಿದ್ದೀರಿ, ಸರಿಯಾಗಿ ಊಟ ಮಾಡಿ.

ನಿಮ್ಮ ರುಹೀನಾ


ತ್ಯಾವಣಿಗೆ
26 ಮಾರ್ಚ್ 2025

ರುಹೀನಾ,

ನಿನ್ನ ಕಾಗದ ಶುಕ್ರವಾರ ಬಂತು. ಓದಿ ಮಡಿಚಿಟ್ಟು, ಮತ್ತೆ ತೆಗೆದು ಓದಿದೆ. ನಿನ್ನ ತಮ್ಮನ ಹೆಂಡತಿ ಇಫ್ತಾರಿಗೆ ಕರೆದಾಗ ಹಸಿವಿಲ್ಲ ಎಂದೆ. ದಿನವೆಲ್ಲ ಉಪವಾಸ ಇದ್ದವನು ಹಸಿವಿಲ್ಲ ಅಂದರೆ ಯಾರು ನಂಬುತ್ತಾರೆ.

ಮರುದಿನ ಜಾವೀದ್ ಸಾಹೇಬರ ಮನೆಗೆ ಹೋದೆ. “ಅದು ಸತ್ತೈತೆ ಸಾಹೇಬ್ರೇ, ನನ್ನ ಕೈಯಾಗೇ ಸತ್ತೈತೆ” ಎಂದೆ. ಅವರು, “ಹಂಗಾದ್ರೆ ಮಗಳು ಬರೋ ಕೆಲಸ ಮುಗೀತಲ್ಲ ಖಾಜಾಸಾಬ್” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವರು ಒಪ್ಪಿದ್ದು ಮರ ನೋಡುವುದಕ್ಕೆ. ನೋಡಲು ಏನೂ ಇಲ್ಲವೆಂದ ಮೇಲೆ ಉಳಿದವರಿಗೆ ಅವರಾದರೂ ಏನು ಹೇಳಿಯಾರು?

ಖಲೀಲ್ ರೇಗಿದ. “ಯಾಕ್ ಹೇಳಾಕೆ ಹೋದ್ರಿ ಅಬ್ಬಾ? ಸುಮ್ನಿದ್ದಿದ್ರೆ ಆಪಾ ವರ್ಷಾ ವರ್ಷಾ ಬರ್ತಿದ್ಲು” ಎಂದ. ಹೌದು, ಬರುತ್ತಿದ್ದೆ. ಒಳಗೆ ಕಪ್ಪು ಬಿಟ್ಟು ಮೇಲೆ ಹೊಳಪು ಕೊಟ್ಟ ಪಾತ್ರೆಯನ್ನು ನಾನು ಯಾರಿಗೂ ಕೊಟ್ಟವನಲ್ಲ. ಸುಳ್ಳು ಹೇಳಿ ನಿನ್ನನ್ನು ನಿನ್ನ ಅಮ್ಮಿಯ ಹತ್ತಿರ ಕಳಿಸಲು ನನ್ನಿಂದ ಆಗಲಿಲ್ಲ. ಬೈಯುವುದಾದರೆ ಬೈ.

ಅವಳಿದ್ದಾಗ ನಾನು ಏನು ಎಡವಟ್ಟು ಮಾಡಿದರೂ ಆ ಕ್ಷಣವೇ ಬೈದು ನಿಲ್ಲಿಸುತ್ತಿದ್ದಳು. ನೀನು ಅವಳ ಹಾಗಲ್ಲ, ನನ್ನ ಹಾಗೆ. ಬಾಯಿ ಬರುವುದಿಲ್ಲ ನಿನಗೆ. ಅವತ್ತು ಮರದ ಕೆಳಗೆ ನೀನು ನನ್ನನ್ನು ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಮಗಳೇ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ದೊಣ್ಣೆಗೆ ತಾನು ದೊಣ್ಣೆಯೆಂದು ಯಾರಾದರೂ ಹೇಳಬೇಕಲ್ಲ.

ಹಬ್ಬಕ್ಕೆ ತಪ್ಪದೆ ಬಾ. ಬಂದಾಗ ಇದರ ಮಾತು ಎತ್ತಬೇಡ, ಅದಕ್ಕೇ ಎಲ್ಲ ಇಲ್ಲೇ ಬರೆಯುತ್ತಿದ್ದೇನೆ.

ಮೇಲೆ ಅಂಗೈಯಗಲ ಉಳಿದಿದೆ, ಅದೊಂದಿದ್ದರೆ ಸಾಕು ಎಂದು ಬರೆದಿದ್ದೀಯ. ಈದ್ ಆದ ಮೇಲೆ ಎಂದು ನಾನೇ ಬರೆದಿದ್ದೆ, ನಿಜ. ಆದರೆ ಈ ಸಲ ಬಿಸಿಲು ಬೇಗ ಏರಿತು. ನೆತ್ತಿಯ ಬಿಸಿಲು ನೇರ ಅಲ್ಲಿಗೇ ಬೀಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅಡಿಕೆ ತೋಟದ ಮುರುಗೇಶಪ್ಪನ ಏಣಿ ಕೇಳಿ ತಂದೆ. ರೋಜಾದಲ್ಲಿ ತಲೆ ಸುತ್ತುತ್ತದೆ ಎಂದು ಖಲೀಲ್ ತಡೆದ, ಕೇಳಲಿಲ್ಲ. ಗುರುವಾರ ಹತ್ತಿದೆ. ನೀನು ನೋಡಿದ ಜಾಗವೇ ತಪ್ಪಬಾರದೆಂದು ಅಲ್ಲಿ ಎರಡು ಸಲ ಬಳಿದೆ.

ನಿನ್ನ ಕಾಗದ ಬಂದದ್ದು ಮರುದಿನ.

ನಿನ್ನ ಅಬ್ಬಾ